ಜಿಪ್ಸಿ ಎತ್ತುವ ಮುನ್ನ: ಹಳೇ ಗಾಡಿಗೆ ಲಿಫ್ಟ್ ಕಿಟ್ ಆರಿಸುವ ಲೆಕ್ಕಾಚಾರ

ಹಳೇ ಮಾರುತಿ ಜಿಪ್ಸಿ ಕೊಂಡವರೆಲ್ಲ ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ: ಎಷ್ಟು ಇಂಚು ಲಿಫ್ಟ್ ಮಾಡಿಸಲಿ, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಾಯಿಸಿ ಗಾಡಿಯನ್ನು ಎಷ್ಟು ಎತ್ತರಿಸಲಿ? ಅಂಗಡಿಯವರು ಎರಡು ಅನ್ನುತ್ತಾರೆ. ಯೂಟ್ಯೂಬಿನಲ್ಲಿ ನಾಲ್ಕು ಇಂಚು ಎತ್ತಿದ ಗಾಡಿಗಳು ಹೊಳೆ ದಾಟುತ್ತಿರುತ್ತವೆ. ಗೆಳೆಯರ ಗುಂಪಿನಲ್ಲಿ ಒಬ್ಬರದ್ದಾದರೂ ಐದು ಇಂಚು ಎದ್ದು ನಿಂತಿರುತ್ತದೆ. ನಿಮ್ಮ ಗಾಡಿ ಎಲ್ಲಿ ತಾಗ್ತಾ ಇದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಮಲೆನಾಡಿನ ಎಸ್ಟೇಟ್ ದಾರಿಯನ್ನೇ ತೆಗೆದುಕೊಳ್ಳಿ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಪಿಕಪ್ಪು, ಟ್ರ್ಯಾಕ್ಟರು ಓಡಾಡಿ ಎರಡು ಚಕ್ರದ ಜಾಡು ಆಳಕ್ಕೆ ಇಳಿದಿರುತ್ತದೆ. ನಡುವೆ ಕಲ್ಲು, ಹುಲ್ಲು ಸೇರಿದ ದಿಬ್ಬ ಉಳಿದಿರುತ್ತದೆ. ಅಂಥ ಕಡೆ ಜಿಪ್ಸಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಆ ದಿಬ್ಬಕ್ಕೆ ಡಿಫರೆನ್ಷಿಯಲ್ ಗುಂಡು, ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುವ ಉಬ್ಬು, ಕೂತು. ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದರೆ ಆ ಗುಂಡು ಎಷ್ಟು ಮೇಲೇಳುತ್ತದೆ ಹೇಳಿ? ಒಂದು ಮಿಲಿಮೀಟರೂ ಏಳುವುದಿಲ್ಲ.

ಕಾರಣ ಸರಳ. ಜಿಪ್ಸಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇದೆ. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಹೌಸಿಂಗ್, ಅದರಲ್ಲೇ ಡಿಫರೆನ್ಷಿಯಲ್. ಈ ಹೌಸಿಂಗ್ ನಿಂತಿರುವುದು ಚಕ್ರದ ಮೇಲೆ. ಸ್ಪ್ರಿಂಗ್ ಇರುವುದು ಹೌಸಿಂಗ್‌ಗೂ ಚಾಸಿಗೂ ನಡುವೆ. ಸ್ಪ್ರಿಂಗ್ ಎತ್ತರ ಮಾಡಿದರೆ ಚಾಸಿ, ಬಾಡಿ, ಇಂಜಿನ್, ಗೇರ್‌ಬಾಕ್ಸ್ ಎಲ್ಲ ಮೇಲೆ ಹೋಗುತ್ತವೆ. ಹೌಸಿಂಗ್ ಇದ್ದಲ್ಲೇ ಇರುತ್ತದೆ. ಕಂಪನಿ ಹೇಳುವ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅತಿ ಕೆಳಗಿನ ಭಾಗಕ್ಕೂ ನಡುವಿನ ಅಂತರ) ಲಿಫ್ಟ್ ಆದ ಮೇಲೂ 210 ಆಗಿಯೇ ಉಳಿಯುತ್ತದೆ.

ಡಿಫರೆನ್ಷಿಯಲ್ ಏಳಬೇಕಾದರೆ ದಾರಿ ಒಂದೇ, ದೊಡ್ಡ ಟೈರ್. ಅದರ ಲೆಕ್ಕ ಕಾಗದದ ಮೇಲೇ ಆಗುತ್ತದೆ. ಬಹಳ ಜಿಪ್ಸಿಗಳಲ್ಲಿ ಕಾಣುವ 205/70 ಆರ್15 (205 ಮಿಲಿಮೀಟರ್ ಅಗಲ, ಪಕ್ಕದ ಎತ್ತರ ಅದರ ಶೇ. 70, ರಿಮ್ 15 ಇಂಚು) ಟೈರಿನ ಎತ್ತರ ಸುಮಾರು 668 ಮಿಲಿಮೀಟರ್. 215/75 ಆರ್15 ಹಾಕಿದರೆ 703 ಆಗುತ್ತದೆ. ವ್ಯತ್ಯಾಸ 35, ಅದರಲ್ಲಿ ಅರ್ಧ ಮಾತ್ರ ಆಕ್ಸಲ್‌ಗೆ ಸಿಗುವುದರಿಂದ ಡಿಫರೆನ್ಷಿಯಲ್ ಏಳುವುದು 17-18 ಮಿಲಿಮೀಟರ್. 235/75 ಆರ್15 ಹಾಕಿದರೆ ಎತ್ತರ 733, ಡಿಫರೆನ್ಷಿಯಲ್‌ಗೆ ಸಿಗುವುದು 32-33. ಅಂದರೆ ಇಷ್ಟು ದಪ್ಪ ಟೈರ್ ಹಾಕಿದರೂ ಒಂದೂಕಾಲು ಇಂಚಿನ ಆಸುಪಾಸು, ಅಷ್ಟೇ.

ಇದಕ್ಕೂ ಬೆಲೆ ತೆರಬೇಕು. 733ರ ಟೈರ್ 668ಕ್ಕಿಂತ ಹತ್ತಿರ ಹತ್ತಿರ ಶೇ. 10 ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಗೇರೆಲ್ಲ ಅಷ್ಟೇ ಪ್ರಮಾಣದಲ್ಲಿ ಉದ್ದವಾದ ಹಾಗೆ. 1.3 ಲೀಟರ್ ಪೆಟ್ರೋಲ್ ಇಂಜಿನ್ನಿಗೆ ಕಡಿದಾದ ಏರಿನಲ್ಲಿ ಇದು ಚೆನ್ನಾಗಿಯೇ ಗೊತ್ತಾಗುತ್ತದೆ, ಬೆಟ್ಟ ಹತ್ತುವಾಗ ಲೋ ಗೇರಿಗೆ ಬೇಗ ಬೇಗ ಹೋಗಬೇಕಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ ಬೇರೆ. ನಿಂತಲ್ಲೇ ತಿರುಗಿಸುವಾಗ ತೋಳಿಗೆ ಲೆಕ್ಕ ಸಿಗುತ್ತದೆ.

ಹಾಗಾದರೆ ಸಸ್ಪೆನ್ಷನ್ ಲಿಫ್ಟ್ ಯಾಕೆ ಬೇಕು? ಎರಡು ಕಾರಣಕ್ಕೆ. ಒಂದು, ಆ ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜದ ಹಾಗೆ ಜಾಗ ಮಾಡಲು. ಇನ್ನೊಂದು, ಹೊಟ್ಟೆ ಎತ್ತಲು. ದಿಣ್ಣೆ ಹತ್ತಿ ಇಳಿಯುವಾಗ ಎರಡು ಆಕ್ಸಲ್‌ಗಳ ನಡುವಿನ ಭಾಗ, ಅಂದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ಪಟ್ಟಿ), ಸೈಲೆನ್ಸರ್ ಪೈಪು ನೆಲಕ್ಕೆ ಕೂರುತ್ತಿದ್ದರೆ ಲಿಫ್ಟ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಜಿಪ್ಸಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2375 ಮಿಲಿಮೀಟರ್. ಹೊಟ್ಟೆ ಎರಡು ಇಂಚು ಮೇಲೆದ್ದರೆ ದಿಣ್ಣೆ ದಾಟುವ ಕೋನ ಸುಮಾರು 4ರಿಂದ 5 ಡಿಗ್ರಿ ಹೆಚ್ಚುತ್ತದೆ. ಮುಂದಿನ ಬಂಪರ್, ಹಿಂದಿನ ಬಂಪರ್ ತಾಗುವ ಕೋನವೂ ಸುಧಾರಿಸುತ್ತದೆ. ಸೈಲೆನ್ಸರ್ ಪೈಪ್ ಒಂದೇ ತಾಗುತ್ತಿದ್ದರೆ ಮಾತ್ರ, ಪೈಪ್ ಸ್ವಲ್ಪ ಒಳಗೆ ಸರಿಸಿ ಕಟ್ಟಿಸಿ. ಕಿಟ್ ಬೇಡ.

ಮೊದಲು ಕಳೆದುಕೊಂಡ ಎತ್ತರ

1985ರ ಕೊನೆಗೆ ಬಂದ ಗಾಡಿ ಇದು. 1996ರಲ್ಲಿ ಜಿಪ್ಸಿ ಕಿಂಗ್ ಬಂತು. ಈಗ ಮಾರಾಟಕ್ಕೆ ಸಿಗುವ ಬಹುಪಾಲು ಗಾಡಿಗಳ ಸ್ಪ್ರಿಂಗಿಗೆ ಇಪ್ಪತ್ತು ವರ್ಷ ಆಗಿರುತ್ತದೆ. ತೋಟದ ಗಾಡಿಯಾಗಿದ್ದರೆ ಗೊಬ್ಬರದ ಮೂಟೆ, ಕಾಫಿ ಮೂಟೆ, ಹಿಂದೆ ಎಂಟು ಜನ, ಎಲ್ಲ ಹೊತ್ತಿರುತ್ತದೆ. ಸ್ಪ್ರಿಂಗಿನ ಪ್ಲೇಟುಗಳು, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಕೂತುಹೋಗಿರುತ್ತವೆ. ಜನ ‘ಲಿಫ್ಟ್ ಬೇಕು’ ಅನ್ನುವಾಗ ನನಗೆ ಅನಿಸುವುದು, ಅರ್ಧ ಜನಕ್ಕೆ ಬೇಕಿರುವುದು ಗಾಡಿ ಕಳೆದುಕೊಂಡ ಎತ್ತರ ವಾಪಸ್ ಬರುವುದು, ಅಷ್ಟೇ.

ಅದನ್ನು ನೋಡಿಕೊಳ್ಳಲು ಟೇಪ್ ಒಂದು ಸಾಕು. ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಇರಲಿ, ಒಳಗೆ ಯಾರೂ ಕೂತಿರಬಾರದು. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಕೊಳ್ಳುತ್ತದೆ, ಅದಕ್ಕೇ ಹಬ್ಬಿನಿಂದ ಅಳೆಯುವುದು. ಎಡಕ್ಕೂ ಬಲಕ್ಕೂ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಕಡೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪ್ಲೇಟು ಮುರಿದಿದೆ. ಡ್ರೈವರ್ ಕಡೆ ಸೋತಿರುವುದೇ ಹೆಚ್ಚು.

ಆಮೇಲೆ ಕೆಳಗೆ ಮಲಗಿ ಪಕ್ಕದಿಂದ ಪ್ಲೇಟ್ ಸೆಟ್ಟನ್ನು ನೋಡಿ. ಆರೋಗ್ಯವಾಗಿದ್ದರೆ ಖಾಲಿ ಗಾಡಿಯಲ್ಲೂ ಬಿಲ್ಲಿನ ಬಾಗು ಸ್ವಲ್ಪ ಕಾಣಬೇಕು. ಪೂರ್ತಿ ಚಪ್ಪಟೆಯಾಗಿದ್ದರೆ ಅಥವಾ ಉಲ್ಟಾ ಬಾಗಿದ್ದರೆ ಅದರ ಕಾಲ ಮುಗಿಯಿತು. ಪ್ಲೇಟು ಚಪ್ಪಟೆಯಾದಷ್ಟೂ ಉದ್ದವಾಗುತ್ತದೆ, ಆ ಉದ್ದವನ್ನು ನುಂಗುವುದು ಶಾಕಲ್, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಅಲ್ಲಾಡುವ ಕೊಂಡಿ. ಹಾಗಾಗಿ ಸೋತ ಸ್ಪ್ರಿಂಗಿನ ಶಾಕಲ್ ಸ್ಪ್ರಿಂಗಿನಿಂದ ಆಚೆಗೆ ವಾಲಿಕೊಂಡಿರುತ್ತದೆ. ಶಾಕಲ್ ಬುಷ್ಷುಗಳಲ್ಲಿ ರಬ್ಬರ್ ಹರಿದು ಹೊರಗೆ ಬಂದಿದೆಯಾ, ಪ್ಲೇಟುಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟಿನ ತಲೆ ಇದೆಯಾ, ಪ್ಲೇಟುಗಳ ತುದಿ ಕೆಳಗಿನ ಪ್ಲೇಟಿನಲ್ಲಿ ಗುಂಡಿ ತೋಡಿದೆಯಾ, ಇವನ್ನೆಲ್ಲ ಟಾರ್ಚ್ ಹಿಡಿದು ನೋಡಿ.

ಅಲ್ಲೇ ಇನ್ನೊಂದು ಕೆಲಸ ಮಾಡಿಬಿಡಿ. ಸ್ಪ್ರಿಂಗ್ ಚಾಸಿಗೆ ಸೇರುವ ಹ್ಯಾಂಗರ್ ಸುತ್ತ ಒಂದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ತುಕ್ಕು ತಿಂದಿದೆ. ಮಲೆನಾಡಿನ ಮಳೆಯಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಗಳಲ್ಲಿ ಈ ಭಾಗವೇ ಮೊದಲು ಹೋಗುವುದು. ಹೊಸ ಗಟ್ಟಿ ಸ್ಪ್ರಿಂಗನ್ನು ತುಕ್ಕು ಹಿಡಿದ ಹ್ಯಾಂಗರಿಗೆ ಕಟ್ಟಿದರೆ ಸ್ಪ್ರಿಂಗ್ ನುಂಗದ ಪೆಟ್ಟೆಲ್ಲ ಹ್ಯಾಂಗರಿಗೆ ಬೀಳುತ್ತದೆ. ಲಿಫ್ಟಿಗೆ ಇಟ್ಟ ದುಡ್ಡು ಮೊದಲು ವೆಲ್ಡಿಂಗಿಗೆ ಹೋಗಲಿ.

ಎಲ್ಲ ಗಟ್ಟಿಯಾಗಿದ್ದು ಸ್ಪ್ರಿಂಗ್ ಮಾತ್ರ ಸೋತಿದ್ದರೆ, ಕಂಪನಿ ಎತ್ತರದ ಹೊಸ ಸ್ಪ್ರಿಂಗ್ ಸೆಟ್, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ ಒಂದು ಮಳೆಗಾಲ ಓಡಿಸಿ ನೋಡಿ ಅನ್ನುತ್ತೇನೆ. ಬಹಳ ಜನಕ್ಕೆ ಅಲ್ಲಿಗೇ ಸಮಾಧಾನ ಆಗುತ್ತದೆ. ಹಳೇ ಪ್ಲೇಟನ್ನೇ ಬಡಿದು ಬಾಗಿಸಿ ಕೊಡುವ ಸ್ಪ್ರಿಂಗ್ ವರ್ಕ್ಸ್‌ಗಳು ಲಾರಿ ಓಡಾಡುವ ಊರುಗಳಲ್ಲಿ ಇವೆ. ಒಳ್ಳೆಯ ಕೈ ಸಿಕ್ಕಿದರೆ ಆ ಕೆಲಸವೂ ಕೆಲವು ಕಾಲ ನಡೆಯುತ್ತದೆ. ಆದರೆ ದಣಿದ ಉಕ್ಕು ದಣಿದ ಉಕ್ಕೇ. ಸರಿಯಾಗಿ ಕಾಯಿಸಿ ಹದ ಹಾಕದೆ ಬರೀ ಬಡಿದು ಎಬ್ಬಿಸಿದ ಬಾಗು ಮತ್ತೆ ಕೂರುತ್ತದೆ.

ಪ್ಲೇಟಿನ ಲೆಕ್ಕ

‘ಒಂದು ಪ್ಲೇಟು ಜಾಸ್ತಿ ಹಾಕಿ ಸಾರ್, ಎದ್ದು ನಿಲ್ಲುತ್ತೆ.’ ಇದು ಅತಿ ಅಗ್ಗದ ಲಿಫ್ಟ್. ಎದ್ದು ನಿಲ್ಲುವುದು ನಿಜ. ಆದರೆ ಜಿಪ್ಸಿ ಮೊದಲೇ ಎಗರುವ ಗಾಡಿ. ಹಿಂದೆ ಲೋಡ್ ಹೊರಲೆಂದು ಮಾಡಿದ ಸ್ಪ್ರಿಂಗಿನ ಮೇಲೆ ಒಬ್ಬರೋ ಇಬ್ಬರೋ ಕೂತು ಓಡಿಸುತ್ತೇವೆ. ಸುಮಾರು ಒಂದು ಟನ್ ತೂಕದ ಖಾಲಿ ಗಾಡಿ ಆ ಸ್ಪ್ರಿಂಗನ್ನು ಬಗ್ಗಿಸುವುದೇ ಕಷ್ಟ.

ಒಂದೇ ದಪ್ಪದ ನಾಲ್ಕು ಪ್ಲೇಟಿನ ಸೆಟ್ಟಿಗೆ ಅದೇ ಥರದ, ಅದೇ ಉದ್ದದ ಐದನೆಯದು ಸೇರಿಸಿದರೆ ಗಡಸುತನ ಶೇ. 25 ಏರುತ್ತದೆ. ದಪ್ಪ ಹೆಚ್ಚಿಸಿದರೆ ಇನ್ನೂ ಕಷ್ಟ, ಯಾಕೆಂದರೆ ಪ್ಲೇಟಿನ ಗಡಸು ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 6 ಮಿಲಿಮೀಟರ್ ಇದ್ದ ಜಾಗದಲ್ಲಿ 7 ಮಿಲಿಮೀಟರ್ ಪ್ಲೇಟುಗಳನ್ನು ಹಾಕಿದರೆ ಗಡಸು ಶೇ. 58ರಿಂದ 59ರಷ್ಟು ಏರುತ್ತದೆ. ಒಂದೇ ಮಿಲಿಮೀಟರಿಗೆ ಇಷ್ಟು! ಕಣ್ಣಿಗೆ ಕಾಣದ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ.

ಒಳ್ಳೆಯ ಕಿಟ್ಟಿನ ಸ್ಪ್ರಿಂಗ್ ಎತ್ತರ ಪಡೆಯುವುದು ಬಾಗಿನಿಂದ. ಪ್ಲೇಟುಗಳು ತೆಳ್ಳಗೇ ಇರುತ್ತವೆ, ಬಾಗು ಮಾತ್ರ ಜಾಸ್ತಿ. ಹಾಗಾಗಿ ಮಾರುವವರನ್ನು ಎತ್ತರ ಕೇಳಿದ ಮೇಲೆ ಕೇಳಬೇಕಾದ ಎರಡನೇ ಪ್ರಶ್ನೆ, ‘ಈ ಸ್ಪ್ರಿಂಗ್ ಎಷ್ಟು ಲೋಡಿಗೆ ಮಾಡಿದ್ದು?’ ಹೊರದೇಶದ ಕಿಟ್‌ಗಳಲ್ಲಿ ಒಂದೇ ಎತ್ತರಕ್ಕೆ ಎರಡು ಮೂರು ಥರದ ಸ್ಪ್ರಿಂಗ್ ಇರುವುದು ಇದಕ್ಕೇ. ಒಂದು ಖಾಲಿ ಗಾಡಿಗೆ, ಇನ್ನೊಂದು ಉಕ್ಕಿನ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ರಾಟೆ), ಮೇಲಿನ ಕ್ಯಾರಿಯರ್ ಎಲ್ಲ ಹೊರುವ ಗಾಡಿಗೆ. ಆಸ್ಟ್ರೇಲಿಯಾದಲ್ಲಿ ನಮ್ಮ ಜಿಪ್ಸಿಯ ಅಣ್ಣತಮ್ಮಂದಿರನ್ನು ಸುಜುಕಿ ಸಿಯೆರಾ ಅಂತ ಮಾರಿದರು. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಥರದ ಅಲ್ಲಿನ ಸಸ್ಪೆನ್ಷನ್ ಬ್ರ್ಯಾಂಡುಗಳ ಹೆಸರುಗಳು ನಮ್ಮವರ ಬಾಯಲ್ಲೂ ಓಡಾಡುವುದು ಆ ನಂಟಿನಿಂದಲೂ ಹೌದು. ಅಲ್ಲಿಂದ ತರಿಸುವವರು ಒಂದು ನೆನಪಿಡಿ: ಹೊರಗಿನ ಮಾಡೆಲ್‌ಗಳಲ್ಲಿ ಗಿಡ್ಡ ವೀಲ್‌ಬೇಸಿನವೂ ಇವೆ, ಜಿಪ್ಸಿ ಉದ್ದದ್ದು. 1993ರ ಸುಮಾರಿಗೆ ನಮ್ಮ ಜಿಪ್ಸಿಯ ಚಕ್ರಗಳ ನಡುವಿನ ಅಗಲವನ್ನೂ ಹೆಚ್ಚಿಸಿದರು. ಆರ್ಡರ್ ಮಾಡುವ ಮುಂಚೆ ನಿಮ್ಮ ಗಾಡಿಯ ಪ್ಲೇಟಿನ ಉದ್ದ, ಅಗಲ, ಸೆಂಟರ್ ಬೋಲ್ಟ್ ಜಾಗ, ಬುಷ್ಷಿನ ಅಳತೆ ಬರೆದುಕೊಳ್ಳಿ.

ಪ್ಲೇಟುಗಳ ನಡುವಿನ ತಿಕ್ಕಾಟವೂ ಸವಾರಿ ಕೆಡಿಸುತ್ತದೆ. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರುವುದೇ ಇಲ್ಲ. ಸಣ್ಣ ಗುಂಡಿಗೆ ಸ್ಪ್ರಿಂಗ್ ಅಲ್ಲಾಡುವುದಿಲ್ಲ, ಗಾಡಿಗೆ ಗಾಡಿಯೇ ಎಗರುತ್ತದೆ. ಸೆಟ್ ಬಿಚ್ಚಿ, ಉಜ್ಜಿ, ತುದಿಗಳಿಗೆ ಪ್ಯಾಡ್ ಹಾಕಿ ಕಟ್ಟಿದರೆ ಅರ್ಧ ಒದೆತ ಕಡಿಮೆಯಾಗುತ್ತದೆ. ಪ್ಯಾರಾಬೋಲಿಕ್ ಸ್ಪ್ರಿಂಗ್ ಇದಕ್ಕೆ ಇನ್ನೂ ಒಳ್ಳೆಯ ಉತ್ತರ. ಅದರಲ್ಲಿ ಪ್ಲೇಟು ಕಡಿಮೆ. ನಡುವೆ ದಪ್ಪ, ತುದಿಗೆ ತೆಳ್ಳಗೆ. ಪ್ಲೇಟುಗಳು ನಡುವೆ ಮತ್ತು ತುದಿಯಲ್ಲಿ ಮಾತ್ರ ತಾಗುತ್ತವೆ. ತಿಕ್ಕಾಟ ಕಡಿಮೆ, ಹಾಗಾಗಿ ಅದಕ್ಕೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಇರಲೇಬೇಕು. ಪ್ಲೇಟಿನ ತಿಕ್ಕಾಟ ಮಾಡುತ್ತಿದ್ದ ಹಿಡಿತದ ಕೆಲಸ ಈಗ ಪೂರ್ತಿ ಅದರ ಮೇಲೆ ಬೀಳುತ್ತದೆ.

ಶಾಕ್ ಅಬ್ಸಾರ್ಬರ್ ಆರಿಸುವುದು

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯುತ್ತಾ ಇರದ ಹಾಗೆ ಹಿಡಿಯುವುದು ಶಾಕ್ ಅಬ್ಸಾರ್ಬರ್. ಅದು ಬದಲಾಯಿಸಿದರೆ ಎತ್ತರ ಬರುವುದಿಲ್ಲ, ಗ್ಯಾಸ್ ತುಂಬಿದ್ದಾದರೆ ಎಲ್ಲೋ ಸ್ವಲ್ಪ ಎದ್ದೀತು. ‘ಲಿಫ್ಟ್ ಶಾಕ್ಸ್’ ಅಂತ ಬರೀ ಶಾಕ್ಸ್ ಮಾರುವವರು ನಿಮಗೆ ಉದ್ದದ ಶಾಕ್ಸ್ ಮಾರುತ್ತಿದ್ದಾರೆ, ಎತ್ತರವನ್ನಲ್ಲ.

ಆರಿಸುವಾಗ ಎಣ್ಣೆಯೋ ಗ್ಯಾಸೋ ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಉದ್ದ. ಎರಡು ಅಳತೆ ಬೇಕು. ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ಲನ್ನು ಪೂರ್ತಿ ಇಳಿಬಿಡಿ, ಶಾಕ್ಸ್ ಕಟ್ಟುವ ಮೇಲಿನ ಕಿವಿಯಿಂದ ಕೆಳಗಿನ ಕಿವಿಗೆ ಅಳೆಯಿರಿ. ಶಾಕ್ಸ್ ಪೂರ್ತಿ ಬಿಚ್ಚಿಕೊಂಡಾಗ ಇದಕ್ಕಿಂತ ಸ್ವಲ್ಪ ಉದ್ದವೇ ಇರಬೇಕು. ಗಿಡ್ಡವಾದರೆ ಚಕ್ರ ನೇತಾಡುವಾಗಲೆಲ್ಲ ಆಕ್ಸಲ್ಲಿನ ಭಾರ ಶಾಕ್ಸಿನ ರಾಡಿಗೆ ಬೀಳುತ್ತದೆ, ಕಿವಿ ಕಿತ್ತು ಬರುತ್ತದೆ. ಎರಡನೆಯದು, ಆಕ್ಸಲ್ ಬಂಪ್ ಸ್ಟಾಪಿಗೆ (ಅದು ಚಾಸಿಗೆ ಬಡಿಯದ ಹಾಗೆ ತಡೆಯುವ ರಬ್ಬರಿಗೆ) ತಾಗಿದಾಗಿನ ಅಳತೆ. ಶಾಕ್ಸ್ ಪೂರ್ತಿ ಮುಚ್ಚಿಕೊಂಡಾಗ ಇದಕ್ಕಿಂತ ಒಂದು ಇಂಚಾದರೂ ಗಿಡ್ಡ ಇರಬೇಕು. ಇಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪಿನ ಕೆಲಸವನ್ನು ಶಾಕ್ಸ್ ಮಾಡಿ ಸಾಯುತ್ತದೆ. ಕಿಟ್ಟಿನ ಡಬ್ಬಿಯ ಮೇಲೆ ‘2 ಇಂಚ್’ ಅಂತ ಬರೆದಿದ್ದರೆ ಸಾಲದು. ಬಿಚ್ಚಿದ ಉದ್ದ, ಮುಚ್ಚಿದ ಉದ್ದ ಎರಡನ್ನೂ ಕೇಳಿ ಬರೆಸಿಕೊಳ್ಳಿ. ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ.

ಇನ್ನು ಒಳಗಿನ ವಿಷಯ. ಸಾದಾ ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ) ಶಾಕ್ಸಿನಲ್ಲಿ ಎಣ್ಣೆಯ ಜೊತೆ ಗಾಳಿಗೂ ಜಾಗ ಇರುತ್ತದೆ. ಅಲೆ ಅಲೆಯಾದ ಮಣ್ಣು ದಾರಿಯಲ್ಲಿ ಹೊತ್ತುಗಟ್ಟಲೆ ಓಡಿದರೆ ಎರಡೂ ಸೇರಿ ನೊರೆಯಾಗುತ್ತವೆ. ನೊರೆಗೆ ಹಿಡಿತ ಇಲ್ಲ. ಅದನ್ನು ತಡೆಯಲು ನೈಟ್ರೋಜನ್ ಗ್ಯಾಸ್ ತುಂಬುತ್ತಾರೆ. ಫೋಮ್ ಸೆಲ್ ಅನ್ನುವುದರಲ್ಲಿ ಗಾಳಿಯ ಜಾಗಕ್ಕೆ ಮುಚ್ಚಿದ ರಂಧ್ರಗಳ ಫೋಮ್ ಇಟ್ಟು ಎಣ್ಣೆಗೆ ಗಾಳಿ ಬೆರೆಯದ ಹಾಗೆ ಮಾಡುತ್ತಾರೆ. ಮೊನೊಟ್ಯೂಬಿನಲ್ಲಿ ಗ್ಯಾಸಿಗೂ ಎಣ್ಣೆಗೂ ನಡುವೆ ಪಿಸ್ಟನ್ ಇರುತ್ತದೆ, ಶಾಖ ಬೇಗ ಹೊರಹೋಗುತ್ತದೆ. ಆದರೆ ಹೊರ ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ತೋಟ, ಘಾಟಿ, ವಾರಕ್ಕೊಮ್ಮೆ ಪೇಟೆ, ಇಷ್ಟು ಓಡುವ ಜಿಪ್ಸಿಗೆ ಒಳ್ಳೆಯ ಗ್ಯಾಸ್ ಟ್ವಿನ್ ಟ್ಯೂಬ್ ಧಾರಾಳ ಸಾಕು. ಲಡಾಖಿಗೋ ರಾಜಸ್ಥಾನಕ್ಕೋ ಲೋಡ್ ಹಾಕಿಕೊಂಡು ಹೋಗುವವರು ಫೋಮ್ ಸೆಲ್ ನೋಡಲಿ. ಸ್ಪ್ರಿಂಗ್ ಮೆತ್ತಗಿದ್ದು ಶಾಕ್ಸ್ ಬಿರುಸಾಗಿದ್ದರೆ ಒಂದರ ಹಿಂದೊಂದು ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯುವ ಮುಂಚೆಯೇ ಮುಂದಿನ ಗುಂಡಿ ಬರುತ್ತದೆ, ಗಾಡಿ ಕೂತುಕೊಂಡೇ ಓಡುತ್ತದೆ. ಅದಕ್ಕೇ ಎರಡನ್ನೂ ಒಂದೇ ಕಡೆಯಿಂದ, ಜೋಡಿಯಾಗಿ ಕೊಳ್ಳುವುದು ಕ್ಷೇಮ.

ಎತ್ತುವ ಅಡ್ಡದಾರಿಗಳು

ಉದ್ದದ ಶಾಕಲ್ ಬಹಳ ಚಾಲ್ತಿಯಲ್ಲಿದೆ. ಶಾಕಲ್ ಸ್ಪ್ರಿಂಗಿನ ಒಂದು ತುದಿಯಲ್ಲಿ ಮಾತ್ರ ಇರುವುದರಿಂದ ಎರಡು ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಒಂದೇ ಇಂಚು. ಒಂದು ತುದಿ ಮಾತ್ರ ಸರಿದರೆ ಆಕ್ಸಲ್ ತಿರುಗುತ್ತದೆ ಕೂಡ. ಜಿಪ್ಸಿಯ ಮುಂದಿನ ಸ್ಪ್ರಿಂಗಿನಲ್ಲಿ ಶಾಕಲ್ ಮುಂದಿನ ತುದಿಯಲ್ಲಿದೆ. ಅದನ್ನು ಉದ್ದ ಮಾಡಿದಷ್ಟೂ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದಲೇ ತಿರುವು ಮುಗಿದ ಮೇಲೆ ಹ್ಯಾಂಡಲ್ ತಾನಾಗಿ ನೆಟ್ಟಗಾಗುತ್ತದೆ ಅಲ್ವಾ? ಗಾಡಿಯಲ್ಲಿ ಆ ಕೆಲಸ ಕ್ಯಾಸ್ಟರಿನದು. ಅದು ಹೋದರೆ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಆಚೀಚೆ ಅಲೆಯುತ್ತದೆ. ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಉಕ್ಕಿನ ಆಪು (ಬೆಣೆ) ಕೊಟ್ಟು ಇದನ್ನು ಸರಿಪಡಿಸಬಹುದು. ಅಲ್ಯೂಮಿನಿಯಂ ಆಪು ಬೇಡ, ಅದು ಒಡೆಯುತ್ತದೆ.

ಬ್ಲಾಕ್ ಹಾಕುವುದು ಇನ್ನೊಂದು. ಇದರಲ್ಲಿ ಒಂದು ತಮಾಷೆ ಇದೆ. ಪ್ಲೇಟ್ ಸೆಟ್ ಆಕ್ಸಲ್ ಮೇಲೆ ಕೂರುವ ಗಾಡಿಗಳಲ್ಲಿ ನಡುವೆ ಬ್ಲಾಕ್ ಇಟ್ಟರೆ ಗಾಡಿ ಏಳುತ್ತದೆ. ಜಿಪ್ಸಿಯಲ್ಲಿ ಪ್ಲೇಟ್ ಸೆಟ್ ಇರುವುದು ಆಕ್ಸಲ್ ಕೆಳಗೆ. ಅಲ್ಲಿ ಬ್ಲಾಕ್ ಇಟ್ಟರೆ ಗಾಡಿ ಇನ್ನೂ ಕೆಳಗೆ ಇಳಿಯುತ್ತದೆ! ಏಳುವ ಗಾಡಿಯಲ್ಲೂ ಮುಂದಿನ ಆಕ್ಸಲ್‌ಗೆ ಬ್ಲಾಕ್ ಯಾವತ್ತೂ ಬೇಡ. ಬ್ರೇಕ್ ಒತ್ತಿದಾಗ ಅದು ಜರುಗಿ ಹೊರಬಂದರೆ ಸ್ಟೀರಿಂಗೇ ಹೋದ ಹಾಗೆ.

ಪ್ಲೇಟು ಕೆಳಗಿದೆ ಅನ್ನುವುದರಿಂದಲೇ ಹುಟ್ಟಿದ್ದು ಸ್ಪ್ರಿಂಗ್ ಓವರ್. ಆಕ್ಸಲ್ ಮೇಲೆ ಹೊಸ ಸೀಟ್ ವೆಲ್ಡ್ ಮಾಡಿ ಅದೇ ಸ್ಪ್ರಿಂಗನ್ನು ಮೇಲೆ ಕೂರಿಸುವುದು. ಆಕ್ಸಲ್ ಟ್ಯೂಬಿನ ದಪ್ಪ, ಪ್ಲೇಟ್ ಸೆಟ್ಟಿನ ದಪ್ಪ ಎರಡೂ ಸೇರಿ ಸುಮಾರು ಐದು ಇಂಚು ಏಳುತ್ತದೆ. ಸ್ಪ್ರಿಂಗ್ ಗಡಸಾಗುವುದಿಲ್ಲ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ, ಕಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದ ಯು ಬೋಲ್ಟುಗಳೂ ಮೇಲೆ ಹೋಗುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಆಕ್ಸೆಲರೇಟರ್ ಜೋರಾಗಿ ಒತ್ತಿದಾಗ ಆಕ್ಸಲ್ ತಿರುಚಿ ಪ್ಲೇಟು ಇಂಗ್ಲಿಷಿನ ಎಸ್ ಆಕಾರಕ್ಕೆ ಬರುತ್ತದೆ. ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ರಾಡು) ಓರೆಯಾಗಿ, ಚಕ್ರ ಏಳುತ್ತಾ ಬೀಳುತ್ತಾ ಇದ್ದ ಹಾಗೆ ಸ್ಟೀರಿಂಗ್ ತಾನೇ ಎಳೆಯುತ್ತದೆ. ಪ್ರೊಪೆಲ್ಲರ್ ಶಾಫ್ಟ್ (ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ತಿರುಗುವ ದಂಡ), ಬ್ರೇಕ್ ಹೋಸ್ ಎಲ್ಲ ಬದಲಾಗಬೇಕು. ಟ್ರೇಲರ್ ಮೇಲೆ ಹೋಗಿ ರ‍್ಯಾಲಿಯಲ್ಲಿ ಇಳಿಯುವ ಗಾಡಿಗೆ ಸರಿ. ಮಕ್ಕಳನ್ನು ಸ್ಕೂಲಿಗೆ ಬಿಡುವ ಗಾಡಿಗೆ ಬೇಡವೇ ಬೇಡ.

ಬಾಡಿ ಲಿಫ್ಟ್ ಅಂದರೆ ಚಾಸಿಗೂ ಬಾಡಿಗೂ ನಡುವೆ ದಪ್ಪ ಬಿಲ್ಲೆ ಇಡುವುದು. ಟೈರಿಗೆ ಜಾಗ ಸಿಗುತ್ತದೆ, ಹೊಟ್ಟೆ ಏಳುವುದಿಲ್ಲ.

ಎತ್ತಿದ ಮೇಲೆ ಬೆನ್ನು ಹತ್ತುವವು

ಎರಡು ಇಂಚಿನವರೆಗೆ ಜಿಪ್ಸಿ ತಡೆದುಕೊಳ್ಳುತ್ತದೆ. ಅದರಾಚೆಗೆ ಪ್ರತಿ ಅರ್ಧ ಇಂಚೂ ಒಂದು ಹೊಸ ಖರ್ಚು ತರುತ್ತದೆ. ಮೊದಲನೆಯದು ಪ್ರೊಪೆಲ್ಲರ್ ಶಾಫ್ಟ್. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಚಾಸಿಯ ನಡುವೆ ಕೂತಿದೆ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗುವ ಶಾಫ್ಟುಗಳು ಅಷ್ಟೇನೂ ಉದ್ದ ಇಲ್ಲ. ಚಾಸಿ ಮೇಲೆ ಹೋದರೆ ಇವುಗಳ ಓರೆ ಬೇಗ ಹೆಚ್ಚುತ್ತದೆ. ಶಾಫ್ಟಿನ ಎರಡೂ ತುದಿಯ ಕ್ರಾಸ್ ಜಾಯಿಂಟುಗಳ ಕೋನ ಒಂದಕ್ಕೊಂದು ಸಮ ಇರಬೇಕು. ಆಗ ಒಂದು ತುದಿಯ ವೇಗದ ಏರಿಳಿತವನ್ನು ಇನ್ನೊಂದು ತುದಿ ಹೊಡೆದುಹಾಕುತ್ತದೆ. ಸಮ ತಪ್ಪಿದರೆ ಒಂದು ವೇಗಕ್ಕೆ ಬಂದ ಕೂಡಲೇ ಸೀಟಿನ ಕೆಳಗೆ ಗುಂಯ್ ಅಂತ ನಡುಕ ಶುರುವಾಗುತ್ತದೆ. ಮೆಕ್ಯಾನಿಕ್ ಕ್ರಾಸ್ ಬದಲಾಯಿಸುತ್ತಾರೆ, ಮೂರು ತಿಂಗಳಿಗೆ ಮತ್ತೆ ಹೋಗುತ್ತದೆ. ತಪ್ಪು ಕ್ರಾಸಿನದಲ್ಲ, ಕೋನದ್ದು.

ಬ್ರೇಕ್ ಹೋಸ್ ಕೂಡ ನೋಡಿ. ಆಕ್ಸಲ್ ಪೂರ್ತಿ ಇಳಿಬಿಟ್ಟಾಗ, ಮುಂದಿನ ಚಕ್ರ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್ ಬಿಗಿಯಾಗಬಾರದು. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಕೊಂಡಿ ಇರುವ ಬ್ರೇಕ್ ವಾಲ್ವ್ ಇರುತ್ತದೆ. ಹಿಂದೆ ಎಷ್ಟು ಲೋಡ್ ಇದೆ ಅಂತ ಅದು ಗಾಡಿ ಕೂತ ಎತ್ತರದಿಂದ ತಿಳಿದುಕೊಳ್ಳುತ್ತದೆ. ಲಿಫ್ಟ್ ಆದ ಮೇಲೆ ಅದಕ್ಕೆ ಗಾಡಿ ಯಾವಾಗಲೂ ಖಾಲಿ ಅನಿಸುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಕೊಂಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಬೇಕು.

ಹಳೇ ಸಫಾರಿ, 2020ಕ್ಕಿಂತ ಮೊದಲಿನ ಥಾರ್ ಸಿಆರ್‌ಡಿಇ ಇರುವವರಿಗೆ ಕಥೆ ಸ್ವಲ್ಪ ಬೇರೆ. ಅವುಗಳ ಮುಂದೆ ಚಕ್ರಗಳು ಸ್ವತಂತ್ರ, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇದೆ. ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತದೆ, ಡಿಫರೆನ್ಷಿಯಲ್ ಚಾಸಿಗೆ ಕಟ್ಟಿರುವ 4x4 ಮಾಡೆಲ್ಲಾದರೆ ಮುಂದಿನ ಡಿಫರೆನ್ಷಿಯಲ್ ಕೂಡ ಏಳುತ್ತದೆ. ಖರ್ಚೇ ಇಲ್ಲ, ಅದಕ್ಕೇ ಎಲ್ಲರೂ ಅತಿ ಮಾಡುತ್ತಾರೆ. ಹಾಗೆ ಎತ್ತಿದ ಎತ್ತರ ಬರುವುದು ಚಕ್ರ ಕೆಳಗೆ ಇಳಿಯಲು ಇದ್ದ ಜಾಗದಿಂದ. ಜಾಸ್ತಿ ತಿರುಗಿಸಿದರೆ ಪ್ರತಿ ಹಂಪ್ ಇಳಿದಾಗಲೂ ಮೇಲಿನ ಆರ್ಮ್ ಸ್ಟಾಪಿಗೆ ಟಕ್ ಅಂತ ಬಡಿಯುತ್ತದೆ, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ಹರಿಯುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಒಂದು ಇಂಚಿಗೆ ನಿಲ್ಲಿಸಿ, ಅಲೈನ್‌ಮೆಂಟ್ ಮಾಡಿಸಿ.

ಮಗುಚುವ ಲೆಕ್ಕ, ಕಾನೂನಿನ ಲೆಕ್ಕ

ಗಾಡಿ ಎಷ್ಟು ಸುಲಭಕ್ಕೆ ಮಗುಚುತ್ತದೆ ಅಂತ ಅಂದಾಜಿಸುವ ಒಂದು ಸರಳ ಸೂತ್ರ ಇದೆ. ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಬೇಕು. ಅಗಲ 1300 ಮಿಲಿಮೀಟರ್, ಗುರುತ್ವ ಕೇಂದ್ರ ಉದಾಹರಣೆಗೆ 650 ಎತ್ತರದಲ್ಲಿದೆ ಅಂದುಕೊಳ್ಳಿ. ಉತ್ತರ 1. ಎರಡು ಇಂಚು ಎತ್ತಿದರೆ 0.93ರ ಹತ್ತಿರ ಬರುತ್ತದೆ, ಐದು ಇಂಚಿಗೆ 0.84ರ ಹತ್ತಿರ. ಸಂಖ್ಯೆ ಕಡಿಮೆಯಾದಷ್ಟೂ ಅಪಾಯ ಹತ್ತಿರ. ಚಾರ್ಮಾಡಿ, ಶಿರಾಡಿ ಇಳಿಯುವವರಿಗೆ ಇದು ಕಾಗದದ ಲೆಕ್ಕ ಅಲ್ಲ. ಇದೇ ಕುಟುಂಬದ ಸಮುರಾಯ್ ಗಾಡಿಯನ್ನು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1988ರಲ್ಲಿ ಪರೀಕ್ಷಿಸಿ, ಸುಲಭಕ್ಕೆ ಮಗುಚುತ್ತದೆ, ಒಪ್ಪಲಾಗದು ಅಂದಿತ್ತು. ಸುಜುಕಿ 1996ರಲ್ಲಿ ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಯಾರು ಸರಿ ಅನ್ನುವ ಜಗಳ ಏನೇ ಇರಲಿ, ಅಲ್ಲಿ ಚರ್ಚೆಯಾಗಿದ್ದು ಲಿಫ್ಟ್ ಮಾಡದ ಗಾಡಿ. ಎತ್ತಿದ ಮೇಲೆ ಕ್ಯಾರಿಯರಿನಲ್ಲಿ ಭಾರ ಹಾಕುವುದನ್ನಾದರೂ ಬಿಡಿ.

ಕಾನೂನು ಕೂಡ ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಸೇರಿತು. ಸೋತ ಸ್ಪ್ರಿಂಗ್ ತೆಗೆದು ಕಂಪನಿ ಅಳತೆಯ ಹೊಸದು ಹಾಕುವುದು ರಿಪೇರಿ. ಐದು ಇಂಚು ಎತ್ತಿ, ಹೊರಗೆ ಚಾಚಿದ ಟೈರ್ ಹಾಕುವುದು ಮಾರ್ಪಾಡು. ಹದಿನೈದು ವರ್ಷ ದಾಟಿದ ಗಾಡಿ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಲೇಬೇಕು, ಆಗ ಇದು ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ವಿಮೆಯವರ ಕಣ್ಣಿಗೂ ಬೀಳುತ್ತದೆ. ಬಿಚ್ಚಿದ ಹಳೇ ಭಾಗಗಳನ್ನು ಗುಜರಿಗೆ ಹಾಕಬೇಡಿ.

ಕಟ್ಟಿಸುವ ದಿನ

ಜಿಪ್ಸಿಗೆ ನನ್ನ ಆಯ್ಕೆ ಕೇಳಿದರೆ: ಕಂಪನಿ ಎತ್ತರದ್ದು ಅಥವಾ ಹೆಚ್ಚೆಂದರೆ ಒಂದೂವರೆ ಇಂಚು ಬಾಗು ಜಾಸ್ತಿ ಇರುವ ಮೆತ್ತಗಿನ ಪ್ಲೇಟ್ ಸೆಟ್, ಅದಕ್ಕೆ ಉದ್ದ ಹೊಂದುವ ಗ್ಯಾಸ್ ಶಾಕ್ಸ್, ರಬ್ಬರ್ ಬುಷ್, 215/75 ಟೈರ್. ಪಿಯು (ಪಾಲಿಯುರೆಥೇನ್) ಬುಷ್ ಬಾಳಿಕೆ ಬರುತ್ತದೆ, ಆದರೆ ಗ್ರೀಸ್ ಕಾಣದಿದ್ದರೆ ಕಿರುಗುಟ್ಟುತ್ತದೆ ಮತ್ತು ಒದೆತ ಹೆಚ್ಚಿಸುತ್ತದೆ.

ಕಟ್ಟಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೇ ಯು ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಎಳೆದು ಬಿಗಿದ ಬೋಲ್ಟಿನ ಥ್ರೆಡ್ ಎರಡನೇ ಸಲ ಹಿಡಿಯುವುದಿಲ್ಲ. ಶಾಕಲ್ ಬೋಲ್ಟುಗಳನ್ನು ಗಾಡಿ ಜಾಕಿನ ಮೇಲೆ ನೇತಾಡುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಇಳಿಸಿ, ಗಾಡಿ ತನ್ನ ಭಾರದಲ್ಲಿ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ಷಿನ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅದೇ ದಿನ ಅಲೈನ್‌ಮೆಂಟ್ ಆಗಲಿ, ಹೆಡ್‌ಲೈಟ್ ಕೆಳಗೆ ಇಳಿಸಿ ಹೊಂದಿಸಲಿ, ಮುಂದೆ ಎದ್ದ ಗಾಡಿಯ ಬೆಳಕು ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ. ಹೊಸ ಪ್ಲೇಟು ಮೊದಲ ಕೆಲವು ವಾರ ಸ್ವಲ್ಪ ಕೂರುವುದು ಸಹಜ. 500 ಕಿಲೋಮೀಟರ್ ಆದ ಮೇಲೆ ಯು ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಸಿ, ಹಬ್ಬಿನಿಂದ ಮಡ್‌ಗಾರ್ಡಿಗೆ ಇನ್ನೊಮ್ಮೆ ಅಳೆದು ಬರೆದಿಡಿ.